ಇನ್ನೊಂದು ಗ್ಲೌಸ್ ಎಲ್ಲಿ?

2021ರ ಆಗಸ್ಟ್ 7, ಶನಿವಾರ. ಗಾಲ್ಫ್ ಎಂದರೆ ದುಡ್ಡಿದ್ದವರ ಕಾಲಕ್ಷೇಪ ಎಂದು ಮೂಗು ಮುರಿಯುತ್ತಿದ್ದ ನಮ್ಮ ಮನೆಯವರೆಲ್ಲ ಅಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್‌ನ ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಅಂಚಿನಲ್ಲಿದ್ದರು. ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ಕೈತಪ್ಪಿ, ನಾಲ್ಕನೇ ಸ್ಥಾನ ಸಿಕ್ಕಿತು. ಎಲ್ಲರೂ ‘ಛೆ’ ಎನ್ನುತ್ತಿರುವಾಗ ಎಂಟು ವರ್ಷದ ಅಕ್ಕನ ಮಗಳು ಬೇರೆಯೇ ಪ್ರಶ್ನೆ ಎತ್ತಿದಳು: “ಮಾಮ, ಇವರೆಲ್ಲ ಒಂದೇ ಕೈಗೆ ಗ್ಲೌಸ್ ಹಾಕ್ಕೊಂಡಿದಾರಲ್ಲ, ಇನ್ನೊಂದು ಕಳೆದುಹೋಯ್ತಾ?”

ನಕ್ಕು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕುತ್ತಾ ಹೋದಂತೆ ಗೊತ್ತಾಯಿತು: ಗಾಲ್ಫ್ ಆಟಗಾರರು ಮೈಮೇಲೆ ಧರಿಸುವ ಗ್ಲೌಸ್, ಶೂ, ಉಡುಪು, ಕೈಗಡಿಯಾರಗಳು ದೂರದಿಂದ ಷೋಕಿಯಂತೆ ಕಂಡರೂ ಅವುಗಳ ಹಿಂದಿರುವುದು ಶಾಲೆಯಲ್ಲಿ ಓದಿದ ಭೌತಶಾಸ್ತ್ರವೇ.

ಹೊಲ ಕಾಯುತ್ತಾ ಕವಣೆ ಬೀಸಿದವರಿಗೆ ಒಂದು ಅನುಭವವಿರುತ್ತದೆ. ಕಲ್ಲು ಚಿಕ್ಕದೇ ಇರಬಹುದು, ವೇಗ ಏರಿದಂತೆ ಹಗ್ಗ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಜಗ್ಗುತ್ತದೆ. ಗಾಲ್ಫ್ ಕೋಲೂ ಒಂದು ಕವಣೆಯೇ. ಅತಿ ದೂರ ಹೊಡೆಯಲು ಬಳಸುವ ‘ಡ್ರೈವರ್’ ಎಂಬ ಕೋಲಿನ ತಲೆಭಾಗದ ತೂಕ ಸುಮಾರು 200 ಗ್ರಾಂ. ವೃತ್ತಿಪರ ಪುರುಷ ಆಟಗಾರ ಬೀಸಿದಾಗ ಅದು ಚೆಂಡಿಗೆ ತಾಗುವ ಹೊತ್ತಿಗೆ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿರುತ್ತದೆ. ತೂಕವನ್ನು ವೇಗದ ವರ್ಗದಿಂದ ಗುಣಿಸಿ, ಸುತ್ತುವ ವೃತ್ತದ ತ್ರಿಜ್ಯದಿಂದ ಭಾಗಿಸಿ ನೋಡಿ. ಕೋಲು ಕೈಯನ್ನು ಜಗ್ಗುವ ಬಲ 35ರಿಂದ 40 ಕಿಲೋ ತೂಗುಹಾಕಿದ್ದಕ್ಕೆ ಸಮ. ಮೇಲಿನಿಂದ ಕೆಳಕ್ಕೆ ಬೀಸುವ ಇಡೀ ಕ್ರಿಯೆ ಮುಗಿಯುವುದು ಕಾಲು ಸೆಕೆಂಡಿನಲ್ಲಿ. ಅಷ್ಟರೊಳಗೆ ಕೈಗೆ ಹೆಚ್ಚುಕಡಿಮೆ ಮುಕ್ಕಾಲು ಸಿಮೆಂಟ್ ಮೂಟೆಯ ಭಾರ ಬಂದು ಹೋಗುತ್ತದೆ.

ಹಾಗಾದರೆ ಬಿಗಿಯಾಗಿ ಹಿಡಿದರಾಯಿತಲ್ಲ? ಆಗುವುದಿಲ್ಲ. ಮುಷ್ಟಿ ಬಿಗಿದರೆ ಮುಂಗೈ ಸ್ನಾಯುಗಳೂ ಬಿಗಿಯುತ್ತವೆ, ಮಣಿಕಟ್ಟು ಸಲೀಸಾಗಿ ತಿರುಗುವುದಿಲ್ಲ, ವೇಗ ಸಾಯುತ್ತದೆ. ಸಡಿಲವಾಗಿ ಹಿಡಿದರೆ ಕೋಲು ಜಾರುತ್ತದೆ. ಸಡಿಲವಾಗಿಯೂ ಇರಬೇಕು, ಜಾರಲೂಬಾರದು ಎಂದಾದರೆ ಉಳಿಯುವ ದಾರಿ ಒಂದೇ: ಅಂಗೈ ಮತ್ತು ಹಿಡಿಕೆಯ ನಡುವಿನ ಘರ್ಷಣೆಯನ್ನು ಹೆಚ್ಚಿಸುವುದು. ಗ್ಲೌಸ್ ಮಾಡುವುದು ಅದನ್ನೇ.

ಗುದ್ದಲಿ ಎತ್ತುವ ಮುನ್ನ ನಮ್ಮ ಹಳ್ಳಿಯ ಆಳುಗಳು ಅಂಗೈಗೆ ತುಸು ಉಗುಳಿಕೊಂಡು ಉಜ್ಜಿಕೊಳ್ಳುವುದನ್ನು ನೋಡಿದ್ದೀರಲ್ಲ. ಅದರಲ್ಲಿ ಒಳ್ಳೆಯ ವಿಜ್ಞಾನವಿದೆ. ತೀರಾ ಒಣಗಿದ ಚರ್ಮ ಗಡುಸಾಗಿರುತ್ತದೆ, ಹಿಡಿಕೆಯ ಮೇಲೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ತುಸು ತೇವವಾದರೆ ಮೆತ್ತಗಾಗಿ ಹೆಚ್ಚು ಜಾಗದಲ್ಲಿ ಅಂಟಿ ಕೂರುತ್ತದೆ, ಘರ್ಷಣೆ ಏರುತ್ತದೆ. ಬೆವರು ಧಾರೆಯಾಗಿ ಇಳಿದರೆ ಮಾತ್ರ ನೀರಿನ ಪದರವೇ ನಡುವೆ ನಿಂತು ಎಲ್ಲ ಜಾರಿಬೀಳುತ್ತದೆ. ಹದ ಇರುವುದು ನಡುವಿನಲ್ಲಿ. ಗ್ಲೌಸಿನ ತೊಗಲು ಅಂಗೈ ಬೆವರನ್ನು ಹೀರಿಕೊಂಡು ಆ ನಡುವಿನ ಹದವನ್ನು ಹೆಚ್ಚು ಹೊತ್ತು ಕಾಯುತ್ತದೆ. ಬೆರಳುಗಳ ಮೇಲಿನ ಸಣ್ಣ ತೂತುಗಳು ಗಾಳಿಯಾಡಲು. ಗೆಣ್ಣುಗಳ ಮೇಲೆ ಎಲಾಸ್ಟಿಕ್, ಮಣಿಕಟ್ಟಿನ ಬಳಿ ವೆಲ್ಕ್ರೋ ಪಟ್ಟಿ ಇರುವುದು ತೊಗಲು ಸುಕ್ಕುಗಟ್ಟದಂತೆ ಕೈಗೆ ಒತ್ತಿ ಕೂರಲು. ಸುಕ್ಕು ಬಿದ್ದ ಕಡೆ ಬೊಬ್ಬೆ ಖಚಿತ.

ಒಳ್ಳೆಯ ಗ್ಲೌಸ್‌ಗೆ ಬಳಸುವ ತೊಗಲಿಗೆ ‘ಕ್ಯಾಬ್ರೆಟಾ’ ಎಂದು ಹೆಸರು. ಇದು ಉಣ್ಣೆ ಕುರಿಯದಲ್ಲ, ಬಿಸಿಲು ನಾಡುಗಳಲ್ಲಿ ಬೆಳೆಯುವ ಕೂದಲು ಕುರಿಯದು. ಉಣ್ಣೆ ಕುರಿಯ ಚರ್ಮದಲ್ಲಿ ದಟ್ಟ ಉಣ್ಣೆಯ ಬೇರುಗಳು, ಕೊಬ್ಬಿನ ಗ್ರಂಥಿಗಳು ಹೆಚ್ಚು. ಹದ ಮಾಡಿದ ಮೇಲೆ ಅವುಗಳ ಜಾಗ ಟೊಳ್ಳಾಗಿ ತೊಗಲು ಸಡಿಲವಾಗುತ್ತದೆ. ಕೂದಲು ಕುರಿಯ ಚರ್ಮದ ನಾರುಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದ ಅರ್ಧ ಮಿಲಿಮೀಟರ್ ಆಸುಪಾಸಿಗೆ ತೆಳುವಾಗಿಸಿದರೂ ಹರಿಯುವುದಿಲ್ಲ. ಇಥಿಯೋಪಿಯಾ, ಇಂಡೋನೇಷ್ಯಾಗಳ ತೊಗಲಿಗೆ ಈ ವ್ಯಾಪಾರದಲ್ಲಿ ಹೆಸರಿದೆ. ನಮ್ಮ ದಕ್ಷಿಣ ಭಾರತದ ನೆಲ್ಲೂರು, ಮೇಚೇರಿ ತಳಿಗಳೂ ಕೂದಲು ಕುರಿಗಳೇ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಬಲಗೈ ಆಟಗಾರ ಕೋಲು ಹಿಡಿಯುವಾಗ ಎಡಗೈ ಮೇಲೆ, ಹಿಡಿಕೆಯ ತುದಿಯಲ್ಲಿರುತ್ತದೆ. ಕೋಲನ್ನು ಸೆಳೆದು ಹಿಡಿಯುವ ಕೆಲಸದಲ್ಲಿ ಹೆಚ್ಚಿನ ಪಾಲು ಎಡಗೈಯ ಕೊನೆಯ ಮೂರು ಬೆರಳುಗಳದು ಮತ್ತು ಅಂಗೈ ಬುಡದ್ದು. ಜಾರುವ, ಉಜ್ಜುವ, ಬೊಬ್ಬೆ ಏಳುವ ಜಾಗವೂ ಅದೇ. ಬಲಗೈ ಕೆಳಗಿರುತ್ತದೆ, ಅದರ ಅಂಗೈ ಎಡ ಹೆಬ್ಬೆರಳಿನ ಮೇಲೆ ಕವುಚಿಕೊಳ್ಳುತ್ತದೆ. ಕೋಲಿಗೆ ತಾಗುವುದು ಮುಖ್ಯವಾಗಿ ಬೆರಳುಗಳು. ಅದಕ್ಕೆ ಗ್ಲೌಸ್‌ನ ಅಗತ್ಯ ಕಡಿಮೆ, ಬರಿಗೈಯ ಲಾಭ ಹೆಚ್ಚು. ಬೆರಳ ತುದಿಗಳ ಚರ್ಮದಾಳದಲ್ಲಿ ಈರುಳ್ಳಿಯಂತೆ ಪದರಪದರವಾಗಿರುವ ‘ಪ್ಯಾಸಿನಿಯನ್’ ಎಂಬ ಸಂವೇದಕಗಳಿವೆ. ಸೆಕೆಂಡಿಗೆ 200–300 ಸಲ ಅದುರುವ ಕಂಪನವನ್ನು ಅವು ಬಹಳ ಚೆನ್ನಾಗಿ ಗುರುತಿಸುತ್ತವೆ. ಚೆಂಡು ಕೋಲಿನ ನಟ್ಟನಡುವೆ ತಾಗಿತೋ ಅಂಚಿಗೆ ತಾಗಿತೋ ಎಂಬ ಸುದ್ದಿಯನ್ನು ಆಟಗಾರ ಓದುವುದು ಈ ಅದುರುವಿಕೆಯಿಂದ. ಗುಳಿಗೆ ಮೆಲ್ಲಗೆ ಚೆಂಡು ತಳ್ಳುವ ‘ಪಟ್’ ಹೊಡೆತದಲ್ಲಿ ಬಲ ಬೇಕಿಲ್ಲ, ಸ್ಪರ್ಶ ಬೇಕು. ಆದ್ದರಿಂದಲೇ ಅನೇಕರು ಆಗ ಎಡಗೈ ಗ್ಲೌಸನ್ನೂ ಕಳಚಿ ಹಿಂದಿನ ಜೇಬಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಒಂದು ತಮಾಷೆ ಗಮನಿಸಿ. ಕೋಲು ಮತ್ತು ಚೆಂಡಿನ ಭೇಟಿ ಅರ್ಧ ಮಿಲಿಸೆಕೆಂಡಿನಷ್ಟೇ. ಆ ಸ್ಪರ್ಶದ ಸುದ್ದಿ ಕೋಲಿನುದ್ದಕ್ಕೂ ಸಾಗಿ, ನರ ಹಿಡಿದು ಮೆದುಳು ತಲುಪುವ ವೇಳೆಗೆ ಚೆಂಡು ಮೀಟರುಗಟ್ಟಲೆ ದೂರ ಹಾರಿರುತ್ತದೆ. ಕೈಗೆ ತಿಳಿದದ್ದು ಆ ಹೊಡೆತವನ್ನು ತಿದ್ದಲಾರದು, ಮುಂದಿನದನ್ನು ಮಾತ್ರ ತಿದ್ದೀತು.

ಮಳೆಗಾಲದ ಗ್ಲೌಸ್‌ಗಳ ಕಥೆ ತೊಗಲಿನ ಗ್ಲೌಸ್‌ಗೆ ತದ್ವಿರುದ್ಧ. ಅವು ತೊಗಲಲ್ಲ, ಸೂಕ್ಷ್ಮ ನಾರಿನ ಕೃತಕ ಬಟ್ಟೆ. ನೆನೆದಷ್ಟೂ ಹಿಡಿತ ಹೆಚ್ಚುತ್ತದೆ. ಇವನ್ನು ಎರಡೂ ಕೈಗೆ ಹಾಕುತ್ತಾರೆ. ಇನ್ನು ಗ್ಲೌಸೇ ಬೇಡವೆನ್ನುವವರೂ ಇದ್ದಾರೆ. ಅಮೆರಿಕದ ಫ್ರೆಡ್ ಕಪಲ್ಸ್ ಬರಿಗೈಯಲ್ಲೇ ಆಡಿ 1992ರ ಮಾಸ್ಟರ್ಸ್ ಟೂರ್ನಿ ಗೆದ್ದರು. ಗ್ಲೌಸ್ ನೆರವು ಕೊಡುತ್ತದೆ, ಆಟ ಕೊಡುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಕೈಯಲ್ಲಿ ಹಿಡಿತವಿದ್ದರೆ ಸಾಲದು, ಕಾಲಿನಲ್ಲೂ ಬೇಕು. ಮೈ ತಿರುಗಿಸಿ ಬೀಸಬೇಕೆಂದರೆ ನೆಲವನ್ನು ಒದೆಯಲೇಬೇಕು, ನೆಲ ಅಷ್ಟೇ ಬಲದಿಂದ ತಿರುಗಿ ತಳ್ಳುತ್ತದೆ. ನ್ಯೂಟನ್ ಹೇಳಿದ ಮೂರನೆಯ ನಿಯಮ. ಜೋರಾದ ಹೊಡೆತದಲ್ಲಿ ಎಡಗಾಲು ನೆಲವನ್ನು ಒತ್ತುವ ಬಲ ದೇಹದ ತೂಕವನ್ನೂ ಮೀರುತ್ತದೆ. ಕಾಲಡಿಯ ಹುಲ್ಲು ಇಬ್ಬನಿಯಿಂದ ಒದ್ದೆಯಾಗಿದ್ದರೆ ಆ ಬಲವೆಲ್ಲ ಜಾರಾಟಕ್ಕೆ ಖರ್ಚು. 19ನೇ ಶತಮಾನದ ಸ್ಕಾಟ್ಲೆಂಡಿನ ಆಟಗಾರರು ಎತ್ತಿಗೆ ಲಾಳ ಕಟ್ಟಿದಂತೆ ಬೂಟಿನ ತಳಕ್ಕೆ ಮೊಳೆ ಹೊಡೆದುಕೊಳ್ಳುತ್ತಿದ್ದುದು ಇದಕ್ಕೇ. ಮುಂದೆ, ಹೊಡೆತದ ಶಾಸ್ತ್ರವನ್ನು ಅರೆದು ಕುಡಿದಿದ್ದ ಆಟಗಾರ ಬೆನ್ ಹೊಗನ್ ತನ್ನ ಬಲಗಾಲಿನ ಶೂಗೆ ಒಂದು ಮೊಳೆ ಹೆಚ್ಚಾಗಿ ಹಾಕಿಸಿಕೊಂಡಿದ್ದ. ನೆಲವನ್ನು ಒದ್ದು ಹೊರಡುವುದು ಬಲಗಾಲಲ್ಲವೇ!

ಆದರೆ ಗುಳಿಯ ಸುತ್ತಲಿನ ‘ಗ್ರೀನ್’ನಲ್ಲಿ ಹುಲ್ಲನ್ನು ಸುಮಾರು ಮೂರು ಮಿಲಿಮೀಟರಿಗೆ ಕತ್ತರಿಸಿರುತ್ತಾರೆ. ಕಬ್ಬಿಣದ ಮೊಳೆ ಅದರ ಬೇರನ್ನೇ ಸೀಳುತ್ತಿತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಐಡಹೋ ರಾಜ್ಯದ ಇಬ್ಬರು ಇದಕ್ಕೊಂದು ಪರಿಹಾರ ಕಂಡುಕೊಂಡರು. ಚಳಿಗಾಲದಲ್ಲಿ ಗ್ರೀನ್ ಹಾಳಾಗದಂತೆ ಆಡಬೇಕೆಂಬುದು ಅವರ ಆಸೆ. ಅವರು ಮಾಡಿದ್ದು ಪ್ಲಾಸ್ಟಿಕ್ ಮೊಳೆ. ಮೊಳೆ ಎನ್ನುವುದಕ್ಕಿಂತ ಜೇಡ ಎನ್ನಬೇಕು: ಸುತ್ತಲೂ ಚಾಚಿದ ಸಣ್ಣ ಕಾಲುಗಳು ನೆಲವನ್ನು ಚುಚ್ಚದೆ ಹುಲ್ಲಿನ ಎಸಳುಗಳ ನಡುವೆ ಸಿಕ್ಕಿಕೊಂಡು ಹಿಡಿತ ಕೊಡುತ್ತವೆ. ಕೆಲವೇ ವರ್ಷಗಳಲ್ಲಿ ಬಹುಪಾಲು ಕ್ಲಬ್‌ಗಳು ಕಬ್ಬಿಣದ ಮೊಳೆಗೆ ಬಾಗಿಲು ಹಾಕಿದವು. ಬರಿಗೈ ಕಪಲ್ಸ್ ಇಲ್ಲೂ ಬಂದರು. 2010ರ ಮಾಸ್ಟರ್ಸ್‌ನಲ್ಲಿ, 50ರ ವಯಸ್ಸಿನಲ್ಲಿ, ಮೊಳೆಯೇ ಇಲ್ಲದ, ಪೇಟೆಯಲ್ಲಿ ಹಾಕಿಕೊಂಡು ಓಡಾಡುವಂಥ ಶೂ ತೊಟ್ಟು, ಕಾಲುಚೀಲವೂ ಇಲ್ಲದೆ ಮೊದಲ ದಿನ 66 ಹೊಡೆತಗಳಲ್ಲಿ ಮುಗಿಸಿ ಮುಂದೆ ನಿಂತರು. ರಬ್ಬರ್ ಗುಬುಟುಗಳ ಆ ಶೂಗಳು ಆಮೇಲೆ ಎಲ್ಲೆಲ್ಲೂ ಹರಡಿದವು. ಸೊಗಸೂ ಉಪಯೋಗವೂ ಒಂದೇ ಜೋಡಿಯಲ್ಲಿ ಕೂಡಿಬಂದ ನಿದರ್ಶನ ಇದು.

ಎರಡೂ ಕೂಡದಿದ್ದಾಗ ಏನಾಗುತ್ತದೆ? 1999ರ ಯು.ಎಸ್. ಓಪನ್‌ನ ಕೊನೆಯ ದಿನ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್‌ನಲ್ಲಿ ತುಂತುರು ಮಳೆ, ಚಳಿ. ಮೊಣಕಾಲಿನ ಕೆಳಗೆ ಕಟ್ಟುವ ಹಳೆಯ ಕಾಲದ ಪ್ಯಾಂಟು, ಟೋಪಿಗಳಿಂದ ಹೆಸರಾಗಿದ್ದ ಪೇನ್ ಸ್ಟೀವರ್ಟ್‌ಗೆ ಮಳೆ ಜಾಕೆಟ್‌ನ ತೋಳು ಬೀಸಿಗೆ ಅಡ್ಡ ಬರುತ್ತಿತ್ತು. ಕತ್ತರಿ ತರಿಸಿ ತೋಳುಗಳನ್ನೇ ಕತ್ತರಿಸಿಬಿಟ್ಟರು. ಕೊನೆಯ ಗುಳಿಯಲ್ಲಿ 15 ಅಡಿ ದೂರದ ಪಟ್ ಹಾಕಿ ಒಂದು ಹೊಡೆತದಿಂದ ಗೆದ್ದರು. ಉಡುಪಿನ ಷೋಕಿಗೆ ಹೆಸರಾದವರೇ ಉಪಯೋಗಕ್ಕಾಗಿ ಕತ್ತರಿ ಹಿಡಿದರು!

ನಮ್ಮ ಬಿಸಿಲಿನಲ್ಲಿ ಸಮಸ್ಯೆ ಮಳೆಯದಕ್ಕಿಂತ ಬೆವರಿನದು. ಒಂದು ಸುತ್ತು ಆಡಲು ನಾಲ್ಕು ಗಂಟೆ ಬೇಕು. ಹತ್ತಿ ಬಟ್ಟೆ ತನ್ನ ತೂಕದ ಶೇ. 7–8ರಷ್ಟು ತೇವವನ್ನು ಗಾಳಿಯಿಂದಲೇ ನಾರಿನೊಳಗೆ ಎಳೆದುಕೊಳ್ಳುತ್ತದೆ, ಬೆವರಿದರೆ ನೆನೆದು ಭಾರವಾಗುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ. 0.4 ಮಾತ್ರ. ಬೆವರು ಎಳೆಗಳ ನಡುವಿನ ಸಂದಿಯಲ್ಲಿ ಹರಡಿ ಬೇಗ ಆವಿಯಾಗುತ್ತದೆ. ತೋಳಿಗೆ ಏರಿಸುವ ತೆಳು ಚೀಲಗಳ ಮೇಲೆ ‘ಯುಪಿಎಫ್ 50’ ಎಂದು ಬರೆದಿದ್ದರೆ, ಮೇಲೆ ಬಿದ್ದ ಅತಿನೇರಳೆ ಕಿರಣದ ಐವತ್ತನೇ ಒಂದು ಪಾಲು ಮಾತ್ರ ಒಳಗೆ ನುಸುಳುತ್ತದೆ ಎಂದರ್ಥ.

ಕೊನೆಗೆ ಮಣಿಕಟ್ಟು. ಗಾಲ್ಫ್ ಕೈಗಡಿಯಾರ ನೋಡಲು ಮಾಮೂಲಿ ವಾಚು. ಅದರ ತೆರೆಯ ಮೇಲೆ ಮೂರು ಸಂಖ್ಯೆ ಮೂಡುತ್ತವೆ: ಗ್ರೀನ್‌ನ ಮುಂಭಾಗ, ನಡು ಮತ್ತು ಹಿಂಭಾಗಕ್ಕೆ ನೀವು ನಿಂತಲ್ಲಿಂದ ಇರುವ ದೂರ. ಮೈದಾನದ ನಕ್ಷೆ ಅದರೊಳಗೇ ಇದೆ. ನೀವೆಲ್ಲಿದ್ದೀರಿ ಎಂಬುದನ್ನು 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹಗಳು ತಿಳಿಸುತ್ತವೆ. ಉಪಗ್ರಹ ಕಳಿಸುವುದು ಸಮಯವನ್ನು. ಸಂಕೇತ ಹೊರಟ ಮತ್ತು ತಲುಪಿದ ಹೊತ್ತಿನ ವ್ಯತ್ಯಾಸದಿಂದ ವಾಚು ದೂರ ಎಣಿಸುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುವುದರಿಂದ ಗಡಿಯಾರ ಚೂರು ತಪ್ಪಿದರೂ ಲೆಕ್ಕ ಕೆಡುತ್ತದೆ. ಐನ್‌ಸ್ಟೈನರ ಸಾಪೇಕ್ಷತೆಯ ಪ್ರಕಾರ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ದಿನಕ್ಕೆ 11 ಕಿಲೋಮೀಟರಿನಷ್ಟು ತಪ್ಪು ಸೇರುತ್ತಾ ಹೋಗುತ್ತಿತ್ತು.

ಇಂಥ ವಾಚು 2000ದ ಮೇ ತಿಂಗಳಿಗಿಂತ ಮುಂಚೆ ಬಂದಿದ್ದರೆ ಪ್ರಯೋಜನವಿರಲಿಲ್ಲ. ಅಮೆರಿಕ ಅಲ್ಲಿಯವರೆಗೆ ಜನಸಾಮಾನ್ಯರ ಸಂಕೇತವನ್ನು ಬೇಕೆಂದೇ ಕಲಕಿ ಕೊಡುತ್ತಿತ್ತು. ನೂರು ಮೀಟರ್ ಆಚೀಚೆಯಾದ ದೂರ ಗಾಲ್ಫ್‌ಗೆ ಏನು ಮಾಡೀತು? ಇಂದಿನ ತಪ್ಪು ಕೆಲವೇ ಮೀಟರ್. ಒಂದು ಕೋಲಿಗೂ ಪಕ್ಕದ ಕೋಲಿಗೂ ಚೆಂಡು ಹಾರುವ ದೂರದಲ್ಲಿ ಹತ್ತು–ಹದಿನೈದು ಗಜ ವ್ಯತ್ಯಾಸವಿರುವುದರಿಂದ ಅಷ್ಟು ನಿಖರತೆ ಧಾರಾಳ ಸಾಕು. ನಮ್ಮದೇ ‘ನಾವಿಕ್’ ಉಪಗ್ರಹಗಳೂ ಇದೇ ತತ್ವದ ಮೇಲೆ ನಡೆಯುತ್ತವೆ. ಅವುಗಳ ಸಮಯ ಕಾಯುವ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್–01 ಉಪಗ್ರಹ, ವಾಚು–ಫೋನುಗಳಂಥ ಪುಟ್ಟ ಸಾಧನಗಳು ಸುಲಭವಾಗಿ ಹಿಡಿಯಬಲ್ಲ ‘ಎಲ್1’ ತರಂಗವನ್ನೂ ಕಳಿಸುತ್ತದೆ.

ನಿಯಮದ ಗೆರೆಯೂ ಇದೆ. 2019ರಿಂದ ದೂರ ಅಳೆಯುವ ಸಾಧನಕ್ಕೆ ಸಾಮಾನ್ಯವಾಗಿ ಅನುಮತಿಯುಂಟು. ಆದರೆ ನೆಲದ ಏರುತಗ್ಗು ಲೆಕ್ಕ ಹಾಕಿಕೊಡುವ ಸೌಲಭ್ಯವನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಗ್ಲೌಸ್‌ಗೂ ಅಷ್ಟೇ: ಹಿಡಿತಕ್ಕೆ ನೆರವಾಗಬಹುದು, ಕೈಯನ್ನು ಹಿಡಿಕೆಗೆ ಕಟ್ಟಿಹಾಕುವಂತಿಲ್ಲ.

ಹೊಸದಾಗಿ ಆಟ ಕಲಿಯುವವರು ವಾಚಿನ ಆಸೆಗೆ ಬೀಳುವ ಮೊದಲು ಕೈಗೆ ಸರಿಯಾಗಿ ಕೂರುವ ಗ್ಲೌಸ್, ಕಾಲು ಜಾರದ ಶೂ ಕೊಳ್ಳಲಿ. ಆಡಿದ ಮೇಲೆ ಗ್ಲೌಸನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕದೆ ನೆರಳಲ್ಲಿ ಹರವಿ ಒಣಗಿಸಲಿ. ಬೆವರಿನ ಉಪ್ಪು ಉಳಿದರೆ ತೊಗಲು ಗಡುಸಾಗುತ್ತದೆ. ಕೆಲವು ವಾರದ ನಂತರ ಅದರ ಅಂಗೈ ಬುಡವನ್ನು ಒಮ್ಮೆ ನೋಡಿ. ಅಲ್ಲಿ ತೊಗಲು ಸವೆದು ತೂತಾಗಿದ್ದರೆ, ಕೋಲನ್ನು ಬೆರಳಲ್ಲಿ ಹಿಡಿಯುವ ಬದಲು ಅಂಗೈಯಲ್ಲಿ ಹಿಡಿದಿದ್ದೀರಿ, ಪ್ರತಿ ಹೊಡೆತಕ್ಕೂ ಅದು ಜಾರಿದೆ ಎಂದರ್ಥ. ಬದಲಿಸಬೇಕಾದ್ದು ಆಗ ಗ್ಲೌಸನ್ನಷ್ಟೇ ಅಲ್ಲ, ಹಿಡಿತವನ್ನೂ.