ಬಡ್ತಿ ಕೇಳಲೂ ಹಂಗಾಮು ಇದೆ

ಕುರುಗೋಡಿನಿಂದ ದಿನಾ ಬಸ್ಸು ಹಿಡಿದು ಬಳ್ಳಾರಿಯ ಜೀನ್ಸ್ ಘಟಕವೊಂದಕ್ಕೆ ಲೆಕ್ಕ ಬರೆಯಲು ಹೋಗುತ್ತೇನೆ. ಸರ್ಕಾರಿ ನೌಕರರಿಗೆ ಇಲಾಖಾ ಪರೀಕ್ಷೆ ಇದೆ, ಜ್ಯೇಷ್ಠತಾ ಪಟ್ಟಿ ಇದೆ, ಆ ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲೂ ಅವಕಾಶವಿದೆ. ನಮ್ಮಂಥವರು ಬಾಯಿಬಿಟ್ಟೇ ಕೇಳಬೇಕು.

ಯಾವಾಗ? ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿರುವ ನನ್ನ ಗೆಳೆಯ, ಭತ್ತದ ಲಾರಿಗಳು ಸಾಲುಗಟ್ಟಿ ನಿಂತಾಗ ಈ ಮಾತೇ ಎತ್ತುವುದಿಲ್ಲ. ಆಗ ಕೇಳಿದರೆ ಸಿಗಲೂಬಹುದು. ಆದರೆ ಮಾಲೀಕರಿಗೆ ಅದು ಬೆದರಿಕೆಯಂತೆ ಕೇಳಿಸುತ್ತದೆ, ಸುಗ್ಗಿ ಮುಗಿದ ಮೇಲೂ ನೆನಪಿರುತ್ತದೆ. ಲಾಭ-ನಷ್ಟದ ಲೆಕ್ಕ ಮುಗಿಸಿ, ಮುಂದಿನ ಹಂಗಾಮಿಗೆ ಯಾರಿಗೆ ಯಾವ ಕೆಲಸ ಎಂದು ಅವರು ಯೋಚಿಸುವ ದಿನಗಳೇ ಸರಿ ಎನ್ನುತ್ತಾನೆ.

ನಮ್ಮಲ್ಲಿ ಅದು ದೀಪಾವಳಿಯ ಆರ್ಡರ್‌ಗಳು ಹೋದ ನಂತರ. ಮೂರು ತಿಂಗಳಿಂದ ಸೂಪರ್‌ವೈಸರ್ ಇಲ್ಲ. ಹೊಲಿಗೆಗೆ ಎಷ್ಟು ಪೀಸ್ ಹೋಯಿತು, ವಾಷಿಂಗ್‌ನಿಂದ ಎಷ್ಟು ಬಂತು, ಎಷ್ಟು ಕೆಟ್ಟಿತು ಎಲ್ಲವನ್ನೂ ನಾನೇ ಬರೆದಿಟ್ಟಿದ್ದೇನೆ. ಮಾಲೀಕರ ಮುಂದೆ ಇಡುವುದು ಆ ನೋಟ್‌ಬುಕ್ಕನ್ನೇ. (ಮನೆಯ ಕಷ್ಟ ಹೇಳಿಕೊಂಡರೆ ಮುಂಗಡ ಸಿಗುತ್ತದೆ, ಹುದ್ದೆಯಲ್ಲ.) ‘ಈಗಾಗಲೇ ಮಾಡ್ತಿದೀನಿ ಸರ್, ಆ ಹುದ್ದೆ, ಆ ಸಂಬಳ ನಂಗೇ ಕೊಡ್ರಿ’ ಎನ್ನುವವನಿದ್ದೇನೆ. ‘ನೋಡೋಣ’ ಎಂದರೆ, ಯಾವ ತಿಂಗಳು ಎಂದು ಕೇಳಿಕೊಂಡೇ ಎದ್ದು ಬರುತ್ತೇನೆ.