ನಿಮಗಿದು ಗೊತ್ತೇ? ಬಿದ್ದ ಬಂಡೆಯಲ್ಲಿದೆ ಭೂಕಂಪದ ತಾರೀಖು!

2011ರ ಫೆಬ್ರುವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರ ನಡುಗಿ 185 ಜನ ಸತ್ತರು. ಪಕ್ಕದ ಪೋರ್ಟ್ ಹಿಲ್ಸ್ ಗುಡ್ಡಗಳಿಂದ ಬಂಡೆಗಳು ಉರುಳಿ ಮನೆಗಳಿಗೆ ನುಗ್ಗಿದವು. ವಿಚಿತ್ರವೆಂದರೆ, ರಾಪಾಕಿ ಎಂಬಲ್ಲಿ ಅಂಥವೇ ಹಳೆಯ ಬಂಡೆಗಳು ಇಳಿಜಾರಿನಲ್ಲಿ ಮೊದಲೇ ಬಿದ್ದಿದ್ದವು. ಅವು ಉರುಳಿದ್ದು ಯಾವಾಗ?

ಅದನ್ನು ತಿಳಿಸಿದ್ದು ಹೀಲಿಯಂ-3. ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ಕಲ್ಲಿನ ಪರಮಾಣುಗಳಿಗೆ ಬಡಿದಾಗ ಹುಟ್ಟುವ ಈ ಅನಿಲ ಕೆಲವು ಖನಿಜಗಳ ಹರಳುಗಳಲ್ಲೇ ಉಳಿದುಬಿಡುತ್ತದೆ. ಅದನ್ನು ಅಳೆದರೆ ಸಿಗುವುದು ಕಲ್ಲಿನ ವಯಸ್ಸಲ್ಲ, ಅದರ ಮುಖ ಆಕಾಶಕ್ಕೆ ತೆರೆದುಕೊಂಡಿದ್ದ ಅವಧಿ. ಬೀಳುವ ಮೊದಲೇ ಆಕಾಶ ಕಂಡಿದ್ದ ಮುಖವಾದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಒಂದೇ ಬಂಡೆಯನ್ನು ನಂಬುವಂತಿಲ್ಲ. ಹಲವು ಬಂಡೆಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸುಮಾರು 6ರಿಂದ 8 ಸಾವಿರ ವರ್ಷಗಳ ಹಿಂದೆ ಇಲ್ಲಿ ದೊಡ್ಡ ಭೂಕಂಪವಾಗಿತ್ತು ಎಂದಿತು ಅದು.

ಹೊಸ ಬಂಡೆಗಳು ಹಳೆಯವಕ್ಕಿಂತ ದೂರ ಉರುಳಿದ್ದವು. ಕಾರಣ? ಹಿಂದೆ ಅಡ್ಡ ನಿಂತು ತಡೆಯುತ್ತಿದ್ದ ಕಾಡನ್ನು ಮನುಷ್ಯ ಕಡಿದು ಹಾಕಿದ್ದ!

ಬಂಡೆ ಬಿದ್ದ ಕಾಲ ತಿಳಿಯಲು ಇನ್ನೊಂದು ದಾರಿಯೂ ಇದೆ. ಮಸಾಲೆಗೆ ಹಾಕುವ ಕಲ್ಲುಹೂವು ಗೊತ್ತಲ್ಲ? ಅದರ ದೂರದ ನೆಂಟ ರೈಜೋಕಾರ್ಪನ್ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಬಂಡೆ ಒಡೆದು ಬಿದ್ದಾಗ ಬರಿದಾದ ಮೈಮೇಲೆ ಅದು ಹೊಸದಾಗಿ ಹತ್ತಿಕೊಳ್ಳುತ್ತದೆ. ಅತಿ ದೊಡ್ಡದನ್ನು ಅಳೆದರೆ ಬಂಡೆ ಬಿದ್ದ ಕಾಲದ ಅಂದಾಜು ಸಿಗುತ್ತದೆ. ಕಳೆದ ಕೆಲವು ಶತಮಾನಗಳ ಮಟ್ಟಿಗೆ ಇದು ಅಗ್ಗದ ಉಪಾಯ.

ಆದರೆ ಬಿದ್ದ ಬಂಡೆಗಳೆಲ್ಲ ಭೂಕಂಪದವೇ ಅಲ್ಲ. 1872ರ ಮಾರ್ಚ್ 26ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾ ನಡುಗಿತು. ಯೊಸೆಮಿಟಿ ಕಣಿವೆಯಲ್ಲಿದ್ದ ನಿಸರ್ಗಪ್ರೇಮಿ ಜಾನ್ ಮ್ಯೂರ್, ಈಗಲ್ ರಾಕ್ ಎಂಬ ಹೆಬ್ಬಂಡೆ ಕುಸಿಯುವುದನ್ನು ಬೆಳದಿಂಗಳಲ್ಲಿ ಕಂಡ. ಕಣಿವೆಯ ಕಲ್ಲುರಾಶಿಗಳು ಇಂಥ ಕಂಪನಗಳ ಫಲವೇ ಎಂದು ತೀರ್ಮಾನಿಸಿದ. ತುಸು ಅವಸರವಾಯಿತು! ಮಳೆ, ಮಂಜುಗಡ್ಡೆ, ಬಿಸಿಲಿಗೂ ಅಲ್ಲಿ ಪ್ರತಿವರ್ಷ ಬಂಡೆಗಳು ಬೀಳುತ್ತವೆ. ದೂರದೂರದ ಬೆಟ್ಟಗಳಲ್ಲಿ ಬಂಡೆಗಳು ಒಂದೇ ಕಾಲಕ್ಕೆ ಬಿದ್ದಿದ್ದರೆ ಮಾತ್ರ ಭೂಕಂಪದ ಮೇಲೆ ಗುಮಾನಿ ಬಲವಾಗುತ್ತದೆ.

ಮಳೆಯೂ ಮಂಜೂ ಇಲ್ಲದ ಚಂದ್ರನಲ್ಲೂ ಬಂಡೆ ಉರುಳುತ್ತದೆ! 1972ರಲ್ಲಿ ಅಪೊಲೊ 17ರ ಗಗನಯಾತ್ರಿಗಳು ಮಾದರಿ ತೆಗೆದ ಬಂಡೆಯೊಂದು ಉರುಳಿಬಂದ ಜಾಡು ಬೆಟ್ಟದ ಮೇಲೆ ಇನ್ನೂ ಇತ್ತು. ಅದು ಬಿದ್ದು ಸುಮಾರು 2.2 ಕೋಟಿ ವರ್ಷವಾಗಿದೆ. ಆ ಗಗನಯಾತ್ರಿಗಳು ಇಳಿದಿದ್ದ ಕಣಿವೆಯ ಬಂಡೆಗಳನ್ನು ಉರುಳಿಸಿದ್ದು ಸುಮಾರು 3ರ ತೀವ್ರತೆಯ ಚಂದ್ರಕಂಪಗಳು ಎಂಬ ಅಂದಾಜು 2025ರಲ್ಲಿ ಹೊರಬಂತು.