ಚದುರಂಗದ ಮಣೆಯ ಮುಂದೆ ಮೌನ, ಮರ್ಯಾದೆ

ಚದುರಂಗವು ಮೌನದ ಆಟ. ಹೊರಗೆ ಸದ್ದಿಲ್ಲದಿದ್ದರೂ ಆಟಗಾರನ ಬುದ್ಧಿಯು ಒಳಗೆ ಹತ್ತಾರು ದಾರಿಗಳಲ್ಲಿ ಸಂಚರಿಸುತ್ತಿರುತ್ತದೆ. ಆ ಸಂಚಾರಕ್ಕೆ ಒಂದು ಸಣ್ಣ ಸಪ್ಪಳವೂ ಅಡ್ಡಿಯಾಗಬಲ್ಲುದು. ಈ ಮಾತು ನಮಗೆ ಪುಸ್ತಕದಿಂದ ತಿಳಿದುದಲ್ಲ. ನಮ್ಮದೇ ತಪ್ಪಿನಿಂದ ತಿಳಿಯಿತು.

ಕೆಲವು ವರ್ಷಗಳ ಹಿಂದೆ, ಹನ್ನೊಂದು ವರ್ಷದ ಮೊಮ್ಮಗನನ್ನು ನಾವು ಜಿಲ್ಲಾ ಮಟ್ಟದ ಒಂದು ಪಂದ್ಯಾವಳಿಗೆ ಕರೆದೊಯ್ದಿದ್ದೆವು. ಆಟ ಮುಗಿದೊಡನೆ ನಮಗೆ ತಿಳಿಸಲೆಂದು ಅವನ ಚೀಲದಲ್ಲಿ ಮೊಬೈಲ್ ಇರಿಸಿದೆವು. ಅದನ್ನು ಆರಿಸುವುದನ್ನು ಮರೆತೆವು. ಮೂರನೆಯ ಸುತ್ತಿನಲ್ಲಿ ಅವನು ಎದುರಾಳಿಗಿಂತ ಒಂದು ಕುದುರೆಯಷ್ಟು ಮುಂದಿದ್ದನು. ಅಷ್ಟರಲ್ಲಿ ಕುರ್ಚಿಯ ಕೆಳಗಿನ ಚೀಲದಲ್ಲಿ ಫೋನು ಮೊಳಗಿತು. ಕರೆ ಮಾಡಿದವರು ಊರಿನಲ್ಲಿದ್ದ ಅವನ ಅಜ್ಜಿ, ಊಟವಾಯಿತೇ ಎಂದು ಕೇಳಲು. ತೀರ್ಪುಗಾರರು ಗಡಿಯಾರ ನಿಲ್ಲಿಸಿ ಎದುರಾಳಿಗೆ ಗೆಲುವನ್ನು ಬರೆದರು. ಹುಡುಗನು ಎದುರಾಳಿಯ ಕೈಕುಲುಕಿ ಹೊರಬಂದು, “ಅಜ್ಜಾ, ಅಮ್ಮಗ ಹೇಳಬ್ಯಾಡ್ರಿ, ಬ್ಯಾಸರ ಮಾಡ್ಕೋತಾಳ” ಎಂದನು. ಅವನು ‘ಅಮ್ಮ’ ಎಂದುದು ಅಜ್ಜಿಯನ್ನೇ. ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ಇಂತಹ ಪ್ರಸಂಗ ದೊಡ್ಡವರಿಗೂ ತಪ್ಪಿದ್ದಲ್ಲ. 2002ರಲ್ಲಿ ಫಿಡೆ ವಿಶ್ವ ಪಟ್ಟವನ್ನು ಗೆದ್ದಿದ್ದ ಉಕ್ರೇನಿನ ರುಸ್ಲಾನ್ ಪೊನೊಮರಿಯೊವ್ ಅವರು 2003ರಲ್ಲಿ ಬಲ್ಗೇರಿಯಾದ ಪ್ಲೊವ್ದಿವ್ ನಗರದಲ್ಲಿ ಆಡುತ್ತಿದ್ದಾಗ ಅವರ ಮೊಬೈಲ್ ಸದ್ದು ಮಾಡಿತು. ಅಷ್ಟಕ್ಕೇ ಆಟವನ್ನು ಕಳೆದುಕೊಂಡರು. ಈಗಿನ ನಿಯಮವಂತೂ ಇನ್ನೂ ಬಿಗಿ. ತೀರ್ಪುಗಾರರ ಒಪ್ಪಿಗೆಯಿಲ್ಲದ ಫೋನು ಆಟಗಾರನ ಬಳಿ ಕಂಡುಬಂದರೆ ಸಾಕು, ಅದು ಮೊಳಗದಿದ್ದರೂ ಸಾಮಾನ್ಯವಾಗಿ ಸೋಲೇ ಗತಿ.

ನಿಯಮ ಹೇಳುವುದೇನು?

ಎದುರಾಳಿಯ ಏಕಾಗ್ರತೆಗೆ ಯಾವ ರೀತಿಯಿಂದಲೂ ಭಂಗ ತರಕೂಡದೆಂದು ಫಿಡೆಯ ನಿಯಮಾವಳಿಯು ಸ್ಪಷ್ಟವಾಗಿ ವಿಧಿಸುತ್ತದೆ. ಮೇಲಿಂದ ಮೇಲೆ ಡ್ರಾ ಕೇಳುವುದೂ, ಆಧಾರವಿಲ್ಲದ ತಕರಾರು ತೆಗೆಯುವುದೂ ಭಂಗವೇ. ಡ್ರಾ ಕೇಳುವುದಿದ್ದರೆ ತನ್ನ ನಡೆಯನ್ನು ಮಣೆಯ ಮೇಲೆ ಇಟ್ಟು, ಗಡಿಯಾರ ಒತ್ತುವ ಮುನ್ನ ಒಮ್ಮೆ ಕೇಳಬೇಕು. ನಡೆಸುವ ಉದ್ದೇಶದಿಂದ ಮುಟ್ಟಿದ ಕಾಯಿಯನ್ನು, ನಡೆಯಿದ್ದರೆ, ನಡೆಸಲೇಬೇಕು. ಓರೆಯಾಗಿ ನಿಂತ ಕಾಯಿಯನ್ನು ನೇರ ಮಾಡುವುದಾದರೆ, ತನ್ನ ಸರದಿಯಲ್ಲಿ, ಮೊದಲು ಹೇಳಿ ಮಾಡಬೇಕು. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರವನ್ನು ಒತ್ತಬೇಕು.

ಬರಹದ ನಿಯಮವು ಹೆಸರಿಸದ ಸಣ್ಣ ಕಿರುಕುಳಗಳೂ ಉಂಟು. ಪೆನ್ನನ್ನು ಟಿಕ್‌ ಟಿಕ್ ಎನಿಸುವುದು, ಮೇಜಿನ ಕೆಳಗೆ ಕಾಲು ಅಲ್ಲಾಡಿಸುವುದು, ಹೊಡೆದ ಕಾಯಿಗಳನ್ನು ಕೈಯಲ್ಲಿ ಕುಲುಕುವುದು, ಎದುರಾಳಿಯ ಮುಖವನ್ನೇ ದಿಟ್ಟಿಸುವುದು. ಅನೇಕ ಮಕ್ಕಳಿಗೆ ತಾವು ಹೀಗೆ ಮಾಡುತ್ತಿದ್ದೇವೆಂಬ ಅರಿವೇ ಇರುವುದಿಲ್ಲ. ಮನೆಯಲ್ಲಿ ಆಡುವಾಗಲೇ ಇದನ್ನು ತಿದ್ದಬೇಕು. ಎದುರಾಳಿಯಿಂದ ತೊಂದರೆಯಾದರೆ ಅವನೊಡನೆ ಜಗಳಕ್ಕೆ ಇಳಿಯದೆ, ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯಬೇಕು. ಅದು ಚಾಡಿಯಲ್ಲ, ಹಕ್ಕು.

ಎರಡು ದಾರಿಗಳು

1978ರಲ್ಲಿ ಫಿಲಿಪೀನ್ಸಿನ ಬಾಗಿಯೊ ನಗರದಲ್ಲಿ ಕಾರ್ಪೊವ್ ಹಾಗೂ ಕೊರ್ಚ್‌ನೊಯ್ ವಿಶ್ವ ಪಟ್ಟಕ್ಕಾಗಿ ಸೆಣಸಿದರು. ಆಟದ ನಡುವೆ ಕಾರ್ಪೊವ್ ಅವರಿಗೆ ಬಂದ ಒಂದು ಬಟ್ಟಲು ಮೊಸರು ಗುಪ್ತ ಸಂದೇಶವಿರಬಹುದೆಂದು ಎದುರು ಪಕ್ಷದವರು ಆಕ್ಷೇಪಿಸಿದರು. ಸಭಿಕರ ನಡುವೆ ಕುಳಿತ ಮನೋವಿಜ್ಞಾನಿಯೊಬ್ಬರ ದೃಷ್ಟಿಯಿಂದ ತೊಂದರೆಯೆಂದು ತಕರಾರು ಎದ್ದಿತು. ಕೊರ್ಚ್‌ನೊಯ್ ಕನ್ನಡಿಯಂತೆ ಹೊಳೆಯುವ ಕನ್ನಡಕ ಧರಿಸಿ ಬಂದರು. ಆಟಕ್ಕಿಂತ ಅನುಮಾನವೇ ದೊಡ್ಡದಾಯಿತು.

ಅದಕ್ಕೂ ಆರು ವರ್ಷ ಮೊದಲು, 1972ರಲ್ಲಿ, ಐಸ್‌ಲೆಂಡಿನ ರೇಕ್ಯಾವಿಕ್‌ನಲ್ಲಿ ಫಿಷರ್ ಕ್ಯಾಮೆರಾಗಳ ಸದ್ದಿಗೆ ಸಿಡುಕಿದರು. ಮೂರನೆಯ ಆಟವನ್ನು ಸಭಿಕರಿಂದ ದೂರವಾದ ಹಿಂಬದಿಯ ಕೋಣೆಯಲ್ಲಿ ಆಡಲು ಸ್ಪಾಸ್ಕಿ ಒಪ್ಪಿದರು. ಆ ಆಟವನ್ನು ಸೋತರು. ಆರನೆಯ ಆಟದಲ್ಲಿ ಫಿಷರ್ ಸೊಗಸಾಗಿ ಗೆದ್ದಾಗ, ಸೋತ ಸ್ಪಾಸ್ಕಿಯೇ ಸಭಿಕರೊಡನೆ ಚಪ್ಪಾಳೆ ತಟ್ಟಿದರು. ಪಟ್ಟ ಕೈತಪ್ಪಿದರೂ ಆ ಚಪ್ಪಾಳೆಯ ಕೀರ್ತಿ ಅವರಿಗೇ ಉಳಿಯಿತು.

ಹಿರಿಯರ ಪಾಲು

ನೋಡುವವರು ಆಟದ ವಿಷಯದಲ್ಲಿ ಮಾತಾಡಕೂಡದು; ಮಾತಾಡಿದವರನ್ನು ತೀರ್ಪುಗಾರರು ಹೊರಗೆ ಕಳುಹಿಸಬಹುದು. ಆದರೂ ಕಿಟಕಿಯಲ್ಲಿ ಇಣುಕಿ ಕಣ್ಸನ್ನೆ ಮಾಡುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಆ ಮಗುವಿನ ದೃಷ್ಟಿ ಮಣೆಯ ಮೇಲೆ ನಿಲ್ಲುವುದೆಂತು? ಹೊರಬಂದೊಡನೆ “ಯಾಕೆ ಸೋತಿ?” ಎಂದು ಗದರಿದರೆ ಮುಂದಿನ ಸುತ್ತೂ ಕೆಟ್ಟಂತೆಯೇ. ನಿಜಕ್ಕೂ ಮೊದಲು ಕೇಳಬೇಕಾದುದು ಅಂದು ಅಜ್ಜಿ ಕೇಳಹೊರಟ ಪ್ರಶ್ನೆಯನ್ನೇ. ಪ್ರಶ್ನೆ ಸರಿಯಿತ್ತು, ಹೊತ್ತು ತಪ್ಪಿತ್ತು.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಮ್ಮ ದೇಶದ ಡಿ. ಗುಕೇಶ್ ಹದಿನೆಂಟರ ಹರೆಯದಲ್ಲಿ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಕಣ್ಣೀರು ಹರಿಯುತ್ತಿದ್ದರೂ ಆ ತರುಣನು ಕಾಯಿಗಳನ್ನೆಲ್ಲ ಮತ್ತೆ ಅವುಗಳ ಸ್ಥಾನದಲ್ಲಿ ಜೋಡಿಸಿಟ್ಟನು. ನಮ್ಮ ಮೊಮ್ಮಗನಿಗೆ ನಾವು ತೋರಿಸಿದ್ದು ಆ ಗೆಲುವಿನ ನಡೆಯನ್ನಲ್ಲ, ಈ ಜೋಡಣೆಯನ್ನು. ಅವನು ಇಂದಿಗೂ ಪಂದ್ಯಗಳಿಗೆ ಹೋಗುತ್ತಾನೆ. ಫೋನು ನಮ್ಮ ಜೇಬಿನಲ್ಲಿರುತ್ತದೆ. ಪಂದ್ಯದ ಬಾಗಿಲು ಸಮೀಪಿಸುವ ಮೊದಲೇ ಅದನ್ನು ಆರಿಸಿರುತ್ತೇವೆ.